ಕೊಕ್ಕೊ ಸಿಪ್ಪೆ ಸಾಬೂನಿಗೋ, ತೋಟಕ್ಕೋ?

ತಮ್ಮ (ಮಂಗಳೂರು): ಘಾನಾ ದೇಶದಲ್ಲಿ ಚಾಕಲೇಟಿನ ಕೊಕ್ಕೊ ಹಣ್ಣಿನ ಸಿಪ್ಪೆಯನ್ನು ಸುಟ್ಟು, ಅದರ ಬೂದಿಯ ಕ್ಷಾರದಿಂದ ಕಪ್ಪು ಸಾಬೂನು ಮಾಡುವ ವಿಡಿಯೋವನ್ನು ನಮ್ಮ ಮನೆಯವರ ಈ ಗುಂಪಿಗೆ ಹಾಕಿದ್ದೇನೆ, ಎಲ್ಲರೂ ನೋಡಿ. ಹಣ್ಣಿನ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಸಿಪ್ಪೆಯೇ ಇರುವಾಗ, ನಾವು ಹಸಿ ಬೀಜವನ್ನು ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋಗೆ ಕೊಟ್ಟು ಉಳಿದದ್ದನ್ನೆಲ್ಲ ಅಡಿಕೆ ಮರದ ಬುಡದಲ್ಲಿ ಎಸೆಯುವುದು ಸರಿಯೇ ಅಪ್ಪಚ್ಚಿ?

ಅಪ್ಪಚ್ಚಿ (ಚಿಕ್ಕಪ್ಪ, ವಿಟ್ಲ): ಅದನ್ನು ಎಸೆಯುವುದು ಎನ್ನಬೇಡ. ಸಿಪ್ಪೆಯಲ್ಲಿ ಗಿಡಕ್ಕೆ ಬೇಕಾದ ಪೊಟ್ಯಾಷ್ ಎಂಬ ಸಾರ ಹೇರಳವಾಗಿದೆ, ನಮ್ಮದೋ ಜೋರು ಮಳೆಗೆ ಸಾರ ತೊಳೆದುಹೋಗುವ ಕೆಂಪು ಮಣ್ಣು. ಸುಟ್ಟರೆ ಸಾರಜನಕವೆಲ್ಲ ಹೊಗೆಯ ಜೊತೆ ಹೋಗುತ್ತದೆ, ಬೂದಿಯಲ್ಲಿ ಉಳಿದ ಪೊಟ್ಯಾಷ್ ಸಾಬೂನಿನ ಜೊತೆ ಪೇಟೆ ಸೇರುತ್ತದೆ, ಆಮೇಲೆ ಅದನ್ನೇ ನಾವು ಅಂಗಡಿಯಿಂದ ಚೀಲಗಟ್ಟಲೆ ಕೊಂಡು ತರಬೇಕಾಗುತ್ತದೆ.

ಅಕ್ಕ (ಉಡುಪಿ): ಅಪ್ಪಚ್ಚಿ, ಸಿಪ್ಪೆ ತೋಟಕ್ಕೇ ಸೇರಬೇಕೆಂಬುದು ನನ್ನ ಅಭಿಪ್ರಾಯವೂ ಹೌದು, ಆದರೆ ಹಸಿಯಾಗಿ ಬುಡದಲ್ಲಿ ಬಿಡುವುದನ್ನು ನಾನು ಒಪ್ಪುವುದಿಲ್ಲ. ಕಾಯಿ ಕಪ್ಪಾಗಿ ಕೊಳೆಯುವ ರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಒದ್ದೆ ಸಿಪ್ಪೆಯಲ್ಲಿ ಬದುಕಿ ಉಳಿದು, ಮಳೆಹನಿ ಸಿಡಿದಾಗ ಮತ್ತೆ ಕಾಯಿಗೆ ಏರುತ್ತದೆ. ಸಿಪ್ಪೆಯನ್ನು ಕೊಚ್ಚಿ, ಸೆಗಣಿ ಮತ್ತು ಸೊಪ್ಪು ಸೇರಿಸಿ ರಾಶಿ ಹಾಕಿ, ಒಳಗೆ ಬಿಸಿಯೇರಿದ ಮೇಲೆ ಹೊರಗಿನದು ಒಳಗಾಗುವಂತೆ ಮಗುಚಿದರೆ ರೋಗದ ಭಯವೂ ಕಡಿಮೆಯಾಗುತ್ತದೆ, ಗೊಬ್ಬರವೂ ಸಿಗುತ್ತದೆ.

ತಮ್ಮ: ಒಣಗಿಸಿ ಹುಡಿ ಮಾಡಿ ಹಿಂಡಿಯ ಜೊತೆ ದನಗಳಿಗೆ ಕೊಡಬಹುದಲ್ಲ ಅಕ್ಕ?

ಅಕ್ಕ: ಅಳತೆಯಿಲ್ಲದೆ ಕೊಡಲೇಬಾರದು. ಅದರಲ್ಲಿ ಕಾಫಿಯ ಕೆಫೀನಿನಂಥ ಥಿಯೋಬ್ರೊಮಿನ್ ಎಂಬ ರಾಸಾಯನಿಕ ಇದೆ, ಯುರೋಪಿನ ನಿಯಮ ದನದ ಪೂರ್ಣ ಆಹಾರದ ಕಿಲೋ ಒಂದಕ್ಕೆ 300 ಮಿಲಿಗ್ರಾಂ ಮಿತಿ ಹಾಕಿದೆ. ನಾಯಿಗಂತೂ ಅದು ವಿಷ. ಪಶುವೈದ್ಯರನ್ನು ಕೇಳದೆ ಹಟ್ಟಿಗೆ ಒಯ್ಯಬೇಡ.

ತಮ್ಮ: ಬೀಜದ ಸುತ್ತಲಿನ ಲೋಳೆಯ ರಸವನ್ನು ಬ್ರೆಜಿಲ್‌ನಲ್ಲಿ ಪಾನಕವಾಗಿ ಕುಡಿಯುತ್ತಾರೆ, ಅದರಿಂದ ಜೆಲ್ಲಿಯನ್ನೂ ವಿನೆಗರನ್ನೂ ಮಾಡಬಹುದು. ಅದನ್ನಾದರೂ ಯೋಚಿಸೋಣ.

ಅಪ್ಪಚ್ಚಿ: ರಸ ಬಸಿದರೆ ಹಸಿ ಬೀಜದ ತೂಕ ಇಳಿಯುತ್ತದೆ, ನಮಗೆ ಹಣ ಸಿಗುವುದೇ ಆ ತೂಕಕ್ಕೆ. ಅಲ್ಲದೆ ಬೀಜ ಹುದುಗಲು, ಅಂದರೆ ಹುಳಿತು ಹದವಾಗಲು, ಆ ಲೋಳೆಯ ಸಕ್ಕರೆಯೇ ಬೇಕು, ಸರಿಯಾಗಿ ಹುದುಗದ ಬೀಜಕ್ಕೆ ಚಾಕಲೇಟಿನ ಪರಿಮಳ ಬರುವುದಿಲ್ಲ. ನಾವೇ ಪೆಟ್ಟಿಗೆಯಲ್ಲಿ ಹುದುಗಿಸಿ ಒಣಬೀಜ ಮಾರುವುದಾದರೆ ಮಾತ್ರ ತಾನಾಗಿ ಸೋರುವ ರಸವನ್ನು ಹಿಡಿದಿಡಬಹುದು, ಅದಕ್ಕೆ ನನ್ನ ಅಭ್ಯಂತರವಿಲ್ಲ. ಆದರೆ ಅಕ್ಕ ಹೇಳಿದ್ದು ಮೊದಲು ಆಗಲಿ. ಮುಂದಿನ ಕೊಯ್ಲಿನಿಂದ ಹಣ್ಣನ್ನು ತೋಟದಲ್ಲಿ ಒಡೆಯದೆ ಅಂಗಳಕ್ಕೆ ತರಿಸುತ್ತೇನೆ, ಸಿಪ್ಪೆ ಒಂದೇ ಕಡೆ ಸಿಕ್ಕಿದರೆ ರಾಶಿ ಹಾಕುವುದು ಕಷ್ಟವಲ್ಲ.

ತಮ್ಮ: ಆಗಲಿ ಅಪ್ಪಚ್ಚಿ, ಸಿಪ್ಪೆ ಕೊಚ್ಚುವ ಯಂತ್ರದ ಬೆಲೆಯನ್ನು ನಾನು ವಿಚಾರಿಸಿ ಇಲ್ಲೇ ತಿಳಿಸುತ್ತೇನೆ.