5 ನ್ಯಾನೊಮೀಟರ್ ಥ್ಯಾಲೊಸಯನೀನ್ ಪದರ, ರಾಮನ್‌ನಲ್ಲಿ ಬರೀ ಸಿಲಿಕಾನ್ ಬರ್ತಿದೆ

ತೆಳುಪದರ:
ಸಿಲಿಕಾನ್ ಮೇಲೆ 5 ನ್ಯಾನೊಮೀಟರ್ ಕಾಪರ್ ಥ್ಯಾಲೊಸಯನೀನ್ (ನೀಲಿ ಬಣ್ಣದ ಸಾವಯವ ವಸ್ತು). ರಾಮನ್‌ನಲ್ಲಿ, ಅಂದರೆ ಲೇಸರ್ ಬಿಟ್ಟು ಚೆದುರಿದ ಬೆಳಕಿನ ಗೆರೆಗಳಿಂದ ವಸ್ತು ಗುರುತಿಸೋ ಅಳತೆಯಲ್ಲಿ, ನೋಡಿದೆ. 532 ನ್ಯಾನೊಮೀಟರ್ ಲೇಸರ್, 100x ಲೆನ್ಸ್, 5 ಮಿಲಿವ್ಯಾಟ್, 10 ಸೆಕೆಂಡ್. 520ರ (ಪ್ರತಿ ಸೆಂಟಿಮೀಟರಿಗೆ, ಗೆರೆಗಳ ಅಂಕಿ ಎಲ್ಲ ಇದರಲ್ಲೇ) ಸಿಲಿಕಾನ್ ಗೆರೆ ಬಿಟ್ಟರೆ 1350, 1580ರ ಹತ್ತಿರ ಎರಡು ಅಗಲವಾದ ದಿಬ್ಬ ಅಷ್ಟೇ. ಇವು ಪದರದ್ದೇನಾ? ಬೆಂಗಳೂರಲ್ಲಿ ಬೇರೆ ಎಲ್ಲಿ ಅಳೆಸಬಹುದು?

ಗೆರೆಗಣಿತ:
ಅಲ್ಲ, ಅದು ಸುಟ್ಟ ಇಂಗಾಲ. 0.9 ಎನ್‌ಎ (ಲೆನ್ಸ್ ಎಷ್ಟು ಅಗಲ ಕೋನದ ಬೆಳಕು ಹಿಡಿಯುತ್ತೆ ಅನ್ನೋ ಅಳತೆ) ಲೆನ್ಸಿನಲ್ಲಿ ಲೇಸರ್ ಚುಕ್ಕೆ ಸುಮಾರು 0.7 ಮೈಕ್ರೊಮೀಟರ್. ಅಲ್ಲಿ 5 ಮಿಲಿವ್ಯಾಟ್ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 12 ಲಕ್ಷ ವ್ಯಾಟ್, ಪದರ ಉಳಿಯೋದೇ ಇಲ್ಲ. ಲೇಸರೂ ಹೊಂದಲ್ಲ: ಈ ಅಣು ಬೆಳಕು ಹೀರೋದು 600ರಿಂದ 700 ನ್ಯಾನೊಮೀಟರ್ ನಡುವೆ, 532ರಲ್ಲಿ ತುಂಬಾ ಕಡಿಮೆ. 633ರ ಲೇಸರಿಗೆ ಹೋದರೆ ಅನುರಣನ (ಅಣು ಹೀರುವ ಬಣ್ಣಕ್ಕೇ ಲೇಸರ್ ಹೊಂದೋದು) ಸಿಕ್ಕಿ ಗೆರೆಗಳು ಎದ್ದು ಬರುತ್ತವೆ. ಆದರೆ ಹೀರಿದ್ದೆಲ್ಲ ಬಿಸಿಯಾಗುತ್ತೆ, ಹಾಗಾಗಿ 0.1 ಮಿಲಿವ್ಯಾಟಿನಿಂದ ಶುರು ಮಾಡಿ. ಒಂದೇ ಜಾಗದಲ್ಲಿ 30 ಸೆಕೆಂಡಿನ ಮೂರು ಸ್ಪೆಕ್ಟ್ರಮ್ ತೆಗೆಯಿರಿ. ಮೂರನೆಯದರಲ್ಲಿ ಥ್ಯಾಲೊಸಯನೀನಿನ 1528ರ ಗೆರೆ ಕುಗ್ಗಿದ್ದರೆ ಲೇಸರ್ ಶಕ್ತಿ ಇನ್ನೂ ಇಳಿಸಿ. ಒಂದರಲ್ಲಿ ಮಾತ್ರ ಸೂಜಿಯಂತೆ ಎದ್ದ ಗೆರೆ ಕಾಸ್ಮಿಕ್ ಕಿರಣದ್ದು, ಅದನ್ನ ಎಣಿಸಬೇಡಿ.

ಐಐಎಸ್‌ಸಿಯ ಸೆನ್ಸ್ (ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್) ವಿಭಾಗದ ಪರೀಕ್ಷಾ ಸೌಲಭ್ಯ ಹೊರಗಿನವರಿಗೂ ಸಿಗುತ್ತೆ. ಬುಕ್ ಮಾಡುವಾಗ 633 ಇದೆಯಾ ಅಂತ ಮೊದಲೇ ಕೇಳಿ.

ಬೆಳಕಿನಬೀದಿ:
ಫೋಕಸ್ ಬಗ್ಗೆ ಒಂದು ಮಾತು, ಹೆಚ್ಚಿನವರು ಎಡವೋದು ಇಲ್ಲೇ. 520 ಅತಿ ಹೆಚ್ಚು ಬರುವ ಹಾಗೆ ಹೊಂದಿಸಿದರೆ ಲೇಸರ್ ಸಿಲಿಕಾನಿನ ಸ್ವಲ್ಪ ಒಳಗೆ ಕೂತಿರಬಹುದು. 1528 ನೋಡಿಕೊಂಡು ಹೊಂದಿಸಿ. ಸಿಲಿಕಾನಿನ 520.5 ಅನ್ನು ಉಪಕರಣದ ಅಂಕಿ ಸರಿ ಇದೆಯಾ ಅಂತ ಹೊಂದಿಸಿಕೊಳ್ಳಲು ಮಾತ್ರ ಇಟ್ಟುಕೊಳ್ಳಿ.

940ರಿಂದ 980ರವರೆಗೆ ಸಿಲಿಕಾನಿನದೇ ಅಗಲವಾದ ಪಟ್ಟಿ ಇದೆ. ಅದನ್ನ ಕಳೆಯಲು ಅದೇ ವೇಫರಿನ (ಸಿಲಿಕಾನ್ ಬಿಲ್ಲೆಯ) ಖಾಲಿ ತುಂಡು ಬೇಕು, ಅದೂ ಅದೇ ದಿಕ್ಕಿಗೆ ತಿರುಗಿಸಿಟ್ಟು. ತುಂಡು ತಿರುಗಿದರೆ ಸಿಲಿಕಾನ್ ಗೆರೆಗಳ ಎತ್ತರ ಬದಲಾಗುತ್ತೆ, ಕಳೆದದ್ದು ಸರಿಬರಲ್ಲ.

ತೆಳುಪದರ:
ಧನ್ಯವಾದ ಇಬ್ಬರಿಗೂ. ಸಿಗ್ನಲ್ ಸಾಲದಿದ್ದರೆ ಮೇಲೆ ಬೆಳ್ಳಿ ಹಾಕಬಹುದಾ?

ಗೆರೆಗಣಿತ:
5ರಿಂದ 6 ನ್ಯಾನೊಮೀಟರ್ ಹಾಕಿ. ಆ ದಪ್ಪದಲ್ಲಿ ಬೆಳ್ಳಿ ಒಂದೇ ಹಾಳೆಯಾಗದೆ ದ್ವೀಪಗಳಾಗಿ ನಿಲ್ಲುತ್ತೆ, ಸಿಗ್ನಲ್ ಹೆಚ್ಚಿಸೋದು ಆ ದ್ವೀಪಗಳೇ. ಆದರೆ ಗೆರೆಗಳ ಎತ್ತರದ ಅನುಪಾತ ಬದಲಾಗಿಬಿಡುತ್ತೆ. ಅಣು ಮಲಗಿದೆಯೋ ನಿಂತಿದೆಯೋ ಅಂತ ತಿಳಿಯಬೇಕಿದ್ದರೆ ಬೆಳ್ಳಿ ಹಾಕುವ ಮೊದಲೇ ಅಳೆದಿಟ್ಟುಕೊಳ್ಳಿ. ಹಾಕಿದ ದಿನವೇ ಅಳೆಯಿರಿ, ಗಾಳಿಯ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತೆ.