ಹತ್ತೊಂಬತ್ತು ತಿಂಗಳ ಮಗುವಿಗೆ ರಾತ್ರಿಯ ಹಾಲು ಬಿಡಿಸುವುದು ಹೇಗೆ?

ಪ್ರಶ್ನೆ:
ನನ್ನ ಮಗಳಿಗೆ ಈಗ 19 ತಿಂಗಳು. ಮಲಗುವಾಗ ಒಮ್ಮೆ, ನಡುರಾತ್ರಿ ಒಮ್ಮೆ, ಬೆಳಗಿನ ಜಾವ ನಾಲ್ಕಕ್ಕೆ ಇನ್ನೊಮ್ಮೆ, ಹೀಗೆ ಮೂರು ಸಲ ಬಾಟಲಿಯಲ್ಲಿ 180 ಮಿ.ಲೀ. ಹಸುವಿನ ಹಾಲು ಕುಡಿಯುತ್ತಾಳೆ. ಕೊಡದಿದ್ದರೆ ಮನೆಯವರೆಲ್ಲ ಏಳುವಷ್ಟು ರಚ್ಚೆ ಹಿಡಿಯುತ್ತಾಳೆ. ಬೆಳಿಗ್ಗೆ ಇಡ್ಲಿಯಾಗಲಿ ರಾಗಿ ಸರಿಯಾಗಲಿ ಎರಡು ತುತ್ತಿಗಿಂತ ಹೆಚ್ಚು ಒಳಗೆ ಹೋಗುವುದಿಲ್ಲ. ಕಳೆದ ವಾರ ಮೇಲಿನ ಮುಂಬದಿಯ ಹಲ್ಲುಗಳಲ್ಲಿ, ವಸಡಿನ ಅಂಚಿಗೆ, ಸುಣ್ಣದ ಗೆರೆಯಂಥ ಬಿಳುಪು ಕಂಡಿತು. ಮಗುವನ್ನು ಹಸಿವಿನಲ್ಲಿ ಮಲಗಿಸಬಾರದು ಎಂಬುದು ಅತ್ತೆಯವರ ಮಾತು. ಅದನ್ನು ತಳ್ಳಿಹಾಕಲು ನನಗೂ ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಉತ್ತರ 1:
ಈ ವಯಸ್ಸಿಗೆ ಇಡೀ ದಿನಕ್ಕೆ ಸುಮಾರು ಅರ್ಧ ಲೀಟರ್ ಹಾಲು ಸಾಕು. ನಿಮ್ಮ ಮಗಳು ರಾತ್ರಿಯೊಂದರಲ್ಲೇ 540 ಮಿ.ಲೀ. ಕುಡಿಯುತ್ತಿದ್ದಾಳೆ. ಹೊಟ್ಟೆ ಹಾಲಿನಿಂದಲೇ ತುಂಬಿರುವುದರಿಂದ ಬೆಳಿಗ್ಗೆ ಅವಳಿಗೆ ಹಸಿವಾಗುವುದಿಲ್ಲ. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ, ಜೊತೆಗೆ ಅದರ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲವಾದ್ದರಿಂದ, ಹಾಲನ್ನೇ ನಂಬಿದ ಮಕ್ಕಳಲ್ಲಿ ರಕ್ತಹೀನತೆ ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಮಕ್ಕಳ ವೈದ್ಯರಲ್ಲಿ ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆಯ ಬಗ್ಗೆ ಕೇಳಿ.

ನನ್ನ ಮಗನಿಗೆ ನಾನು ಮೊದಲು ಮಲಗುವ ಹೊತ್ತಿನ ಹಾಲಿನ ಜಾಗವನ್ನೇ ಬದಲಿಸಿದೆ. ಹಾಸಿಗೆಯಲ್ಲಿ ಕೊಡುವುದನ್ನು ನಿಲ್ಲಿಸಿ, ಊಟವಾದ ಮೇಲೆ ಅಡುಗೆಮನೆಯಲ್ಲಿ ದೀಪದ ಬೆಳಕಿನಲ್ಲಿ ಕೂರಿಸಿ, ಪುಟ್ಟ ಸ್ಟೀಲ್ ಲೋಟದಲ್ಲಿ ಕುಡಿಸಿ, ಹಲ್ಲುಜ್ಜಿಸಿ, ಆಮೇಲೆ ಕೋಣೆಗೆ ಕರೆದೊಯ್ಯುತ್ತಿದ್ದೆ. ನಡುರಾತ್ರಿಯ ಬಾಟಲಿಯಲ್ಲಿ ಎರಡು ರಾತ್ರಿಗೊಮ್ಮೆ 30 ಮಿ.ಲೀ. ಕಡಿಮೆ ಮಾಡುತ್ತಾ ಬಂದೆ. 60ಕ್ಕೆ ಇಳಿದ ಮೇಲೆ ಬಾಟಲಿ ಕೊಡಲಿಲ್ಲ; ಅವನು ನಿದ್ದೆಗಣ್ಣಿನಲ್ಲಿ ದಿಂಬಿನ ಸುತ್ತ ಕೈಯಾಡಿಸಿ ಹುಡುಕಿದಾಗ ಆ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡು ಬೆನ್ನು ತಟ್ಟುತ್ತಿದ್ದೆ. ಮೂರು ರಾತ್ರಿ ಬಹಳ ಕಷ್ಟವಾಯಿತು. ಬೆಳಗಿನ ಜಾವದ ಹಾಲು ಆಮೇಲೆ ತಾನಾಗಿಯೇ ನಿಂತಿತು.

ಉತ್ತರ 2:
ನಾನು ದಂತವೈದ್ಯೆ. ಆ ಬಿಳಿ ಗೆರೆಯನ್ನು ದಯವಿಟ್ಟು ಕಡೆಗಣಿಸಬೇಡಿ. ಹುಳುಕಿನ ಮೊದಲ ಗುರುತು ಹೀಗೆಯೇ ಇರುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ ಸುರಿಯುವುದರಿಂದ ಹಾಲಿನ ಸಕ್ಕರೆ ಹಲ್ಲಿನ ಮೇಲೆ ಗಂಟೆಗಟ್ಟಲೆ ಉಳಿಯುತ್ತದೆ. ಕೆಳಗಿನ ಹಲ್ಲುಗಳಿಗೆ ನಾಲಿಗೆಯ ಮರೆ ಇರುತ್ತದೆ, ಮೇಲಿನವಕ್ಕೆ ಅದೂ ಇಲ್ಲ. ಗೆರೆ ಕಂದುಬಣ್ಣಕ್ಕೆ ತಿರುಗಿ ಗುಳಿ ಬೀಳುವ ಮೊದಲೇ ತೋರಿಸಿದರೆ ಅದನ್ನು ತಡೆಯಬಹುದು. ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟಿನಿಂದ ದಿನಕ್ಕೆರಡು ಬಾರಿ ಉಜ್ಜಿ. ಅನಂತರ ರಾತ್ರಿ ನೀರನ್ನಷ್ಟೇ ಕೊಡಿ.

ಉತ್ತರ 3:
ನನಗೆ ಮೊಮ್ಮಕ್ಕಳಿದ್ದಾರೆ, ಆದ್ದರಿಂದ ನಿಮ್ಮ ಅತ್ತೆಯವರ ಸಂಕಟ ನನಗೆ ಅರ್ಥವಾಗುತ್ತದೆ. ನಾವು ಒಳಲೆಯಲ್ಲಿ ಹಾಲು ಹಾಕಿ ಮಕ್ಕಳನ್ನು ಬೆಳೆಸಿದವರು; ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಅಭ್ಯಾಸ ಆಗ ನಮ್ಮ ಮನೆಯಲ್ಲಿರಲಿಲ್ಲ ಎಂಬುದನ್ನು ಅವರಿಗೆ ನೆನಪಿಸಿ. ಸಂಜೆ ಏಳೂವರೆಗೆ ತುಪ್ಪ ಹಾಕಿದ ಬೇಳೆ ಅನ್ನವನ್ನು ಅವರ ಕೈಯಿಂದಲೇ ಉಣ್ಣಿಸಿ, ಆ ಕೆಲವು ರಾತ್ರಿ ಮಗುವನ್ನು ಅವರ ಪಕ್ಕದಲ್ಲೇ ಮಲಗಿಸಿ. ಮಗುವಿಗೆ ಜ್ವರವಿದ್ದರೆ ಮಾತ್ರ ಒಂದು ವಾರ ಮುಂದೂಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸೋಮವಾರ ಹಲ್ಲು ತೋರಿಸಲು ಹೋಗುತ್ತೇವೆ. ಅತ್ತೆಯವರಿಗೆ ಇದನ್ನೆಲ್ಲ ಓದಿ ಹೇಳಿದೆ. ಅಟ್ಟದ ಮೇಲಿದ್ದ ಹಳೆಯ ಬೆಳ್ಳಿಯ ಒಳಲೆಯನ್ನು ಅವರೇ ಇಳಿಸಿ ತೊಳೆದಿಟ್ಟಿದ್ದಾರೆ.