ಸಹಾಯ ಬೇಕು: ಬಿಬಿಬಿ ಪದರಗಳನ್ನೇ ಸೇರಿಸಿದರೆ ಎಎಎ ಹೇಗೆ ಬರುತ್ತದೆ?

ಎಲ್ಲರಿಗೂ ನಮಸ್ಕಾರ. ಎಂ.ಕಾಂ ಸೆಮಿನಾರಿಗೆ 2008ರ ಅಮೆರಿಕದ ಗೃಹಸಾಲ ಬಿಕ್ಕಟ್ಟು ಆರಿಸಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲ ಹಂತ ಅರ್ಥವಾಗಿದೆ. ಸಾವಿರಾರು ಮನೆಸಾಲಗಳನ್ನು ಒಟ್ಟುಮಾಡಿ, ಬರುವ ಕಂತಿನ ಮೇಲೆ ಪದರ ಪದರವಾಗಿ ಬಾಂಡ್ ಮಾರುತ್ತಾರೆ. ಹಣ ಬಂದರೆ ಮೇಲಿನ ಪದರಕ್ಕೆ ಮೊದಲು, ನಷ್ಟವಾದರೆ ಕೆಳಗಿನ ಪದರಕ್ಕೆ ಮೊದಲ ಪೆಟ್ಟು. ಹಾಗಾಗಿ ರೇಟಿಂಗ್ ಸಂಸ್ಥೆಗಳು ಮೇಲಿನದ್ದಕ್ಕೆ ಎಎಎ (ಅತಿ ಸುರಕ್ಷಿತ ಅನ್ನುವ ದರ್ಜೆ), ಕೆಳಗಿನ ಕೆಲವಕ್ಕೆ ಬಿಬಿಬಿ (ಅದಕ್ಕಿಂತ ಅಪಾಯ ಹೆಚ್ಚಿರುವ ದರ್ಜೆ) ಕೊಡುತ್ತವೆ. ಸಾಲ ಕೊಟ್ಟವರು ಅದನ್ನು ದಾಟಿಸಿ ಕೈತೊಳೆದುಕೊಂಡರೆ ಸಾಲಗಾರನನ್ನು ಯಾಕೆ ಪರೀಕ್ಷೆ ಮಾಡುತ್ತಾರೆ, ಅಲ್ವಾ?

ತಲೆ ಕೆಟ್ಟಿರುವುದು ಸಿಡಿಒ (ಇಂಥ ಬಾಂಡ್ ಪದರಗಳನ್ನೇ ಮತ್ತೆ ಒಟ್ಟುಮಾಡಿ ಮಾರುವ ಬಾಂಡ್) ಹತ್ತಿರ. ಬೇರೆ ಬೇರೆ ಬಾಂಡುಗಳ ಬಿಬಿಬಿ ಪದರಗಳನ್ನು ಸೇರಿಸಿ, ಮತ್ತೆ ಪದರ ಮಾಡಿ, ಬಹುಪಾಲಿಗೆ ಎಎಎ ಕೊಟ್ಟರು. ಎಲ್ಲ ಊರಲ್ಲೂ ಮನೆ ಬೆಲೆ ಒಟ್ಟಿಗೆ ಬೀಳುವುದಿಲ್ಲ ಅನ್ನುವ ಲೆಕ್ಕ. 2006ರ ನಂತರ ದೇಶದ ಉದ್ದಗಲಕ್ಕೂ ಬಿತ್ತು.

ಎಕ್ಸೆಲ್‌ನಲ್ಲಿ 100 ಸಾಲ ಹಾಕಿ, ಪ್ರತಿಯೊಂದೂ ಮುಳುಗುವ ಸಾಧ್ಯತೆ 5% ಇಟ್ಟು ನೋಡಿದೆ. ಬಿಡಿಬಿಡಿಯಾಗಿ ಮುಳುಗಿದರೆ ಮೇಲಿನ ಪದರಕ್ಕೆ ಏನೂ ಆಗುವುದೇ ಇಲ್ಲ! ಮೇಷ್ಟ್ರನ್ನು ಕೇಳಿದರೆ "ಕೋರಿಲೇಶನ್ ನೋಡಪ್ಪಾ" (ಅಂದರೆ ಸಾಲಗಳು ಎಷ್ಟರಮಟ್ಟಿಗೆ ಒಟ್ಟಿಗೆ ಮುಳುಗುತ್ತವೆ ಅನ್ನುವ ಅಳತೆ) ಅಂದು ಹೊರಟೇಹೋದರು. ಯೂಟ್ಯೂಬ್‌ನಲ್ಲಿ ನೋಡಿದ್ದೆಲ್ಲ ಮೊದಲ ಹಂತಕ್ಕೇ ನಿಲ್ಲುತ್ತದೆ.

ಸಾಲಗಳು ಒಟ್ಟಿಗೆ ಮುಳುಗುವ ಹಾಗೆ ಎಕ್ಸೆಲ್‌ನಲ್ಲಿ ಮಾಡುವುದು ಹೇಗೆ? ಕೋರಿಲೇಶನ್ 0ಯಿಂದ 0.3ಕ್ಕೆ ಏರಿದರೆ ಸಿಡಿಒದ ಎಎಎ ಪದರಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಅಂತ ಚಿಕ್ಕ ಉದಾಹರಣೆ ಯಾರಾದರೂ ಕೊಡುತ್ತೀರಾ?